ಕ್ಯಾಂಡಿಯಲ್ಲಿ ಮುಗಿದ ಸಂದರ್ಶನ ಸುಳ್ಯದಲ್ಲಿ ಇನ್ನೂ ಮುಗಿದಿಲ್ಲ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ರಬ್ಬರ್ ತೋಟಗಳಲ್ಲಿ ನೆಲೆಸಿರುವ ತಮಿಳು ಕಾರ್ಮಿಕ ಕುಟುಂಬಗಳನ್ನು ಊರವರು ಇಂದಿಗೂ ‘ಶ್ರೀಲಂಕಾ ನಿರಾಶ್ರಿತರು’ ಎಂದೇ ಕರೆಯುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತ ಬಂದಿವೆ, ಸರಕಾರಿ ಟಿಪ್ಪಣಿಗಳಲ್ಲೂ ಆ ಪದ ನುಸುಳಿದೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಈ ಹೆಸರು ಶುದ್ಧ ತಪ್ಪು. ನಿರಾಶ್ರಿತನೆಂದರೆ ಪ್ರಾಣಭಯದಿಂದ ಪರದೇಶದ ಆಸರೆ ಬೇಡಿ ಬಂದವನು. ಮೇದಿನಡ್ಕ, ಐವರ್ನಾಡು, ಕೂತ್ಕುಂಜ ಮುಂತಾದ ಕಡೆಗಳ ತೋಟಗಳಿಗೆ ಬಂದವರು ಹಾಗೆ ಬಂದವರಲ್ಲ. ಹಡಗು ಹತ್ತುವ ಮೊದಲೇ ಅವರು ಭಾರತದ ಪೌರರಾಗಿದ್ದರು. ಸಿಂಹಳದ ನೆಲದಲ್ಲಿದ್ದ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿ ಅರ್ಜಿಯನ್ನು ಪರಿಶೀಲಿಸಿ, ಪ್ರಶ್ನೆ ಕೇಳಿ, ಪೌರತ್ವದ ನೋಂದಣಿ ಪತ್ರ ಮತ್ತು ಭಾರತೀಯ ಪಾಸ್‌ಪೋರ್ಟ್ ನೀಡಿದ ಮೇಲೆ ಅವರು ರಾಮೇಶ್ವರದ ದಡ ಸೇರಿದರು.

ಆ ಪ್ರಶ್ನೋತ್ತರದ ಕಥೆಯನ್ನು ಈಗ ಕೆದಕಲು ಕಾರಣವಿದೆ. ಅಂದು ಯಾವ ಉತ್ತರ ಅವರಿಗೆ ಪೌರತ್ವವನ್ನು ದೊರಕಿಸಿಕೊಟ್ಟಿತೋ, ಅದೇ ಉತ್ತರ ಇಂದು ಅವರ ಮೊಮ್ಮಕ್ಕಳಿಗೆ ತಾಲ್ಲೂಕು ಕಚೇರಿಯಲ್ಲಿ ಅಡ್ಡಗಾಲಾಗಿದೆ.

ಬ್ರಿಟಿಷರು ಸಿಂಹಳದ ಮಲೆನಾಡಿನಲ್ಲಿ ಮೊದಲು ಕಾಫಿ, ಕಾಫಿಗೆ ರೋಗ ತಗಲಿದ ಮೇಲೆ ಚಹಾ ಬೆಳೆಸಿದರು. ಇದಕ್ಕೆ ಬೇಕಾದ ಕೈಗಳನ್ನು ಕಂಗಾಣಿಗಳ ಮೂಲಕ ತಿರುಚಿರಾಪಳ್ಳಿ, ಮಧುರೆ, ಸೇಲಂ, ರಾಮನಾಡು ಕಡೆಯಿಂದ ಸಾಗಿಸಿದರು. ಹೋದವರಲ್ಲಿ ಬಹುಪಾಲು ಮಂದಿ ಊರಿನಲ್ಲಿ ತುಂಡು ನೆಲವೂ ಇಲ್ಲದ ದಲಿತರು. 1948ರ ಫೆಬ್ರವರಿಯಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆಯು ತಂದೆ, ತಾತಂದಿರು ಅಲ್ಲೇ ಹುಟ್ಟಿದ್ದಕ್ಕೆ ದಾಖಲೆ ಕೇಳಿತು. ಲೈನ್ ಮನೆಗಳಲ್ಲಿ ಹುಟ್ಟಿದವರ ಬಳಿ ಅಂಥ ದಾಖಲೆ ಎಲ್ಲಿಂದ ಬರಬೇಕು? ಮರುವರ್ಷ ಬಂದ ಇನ್ನೊಂದು ಕಾಯ್ದೆ, 1946ರ ಜನವರಿ 1ಕ್ಕೆ ಹಿಂದಿನ ಏಳು ವರ್ಷ, ಅವಿವಾಹಿತರಾದರೆ ಹತ್ತು ವರ್ಷ, ಸಿಲೋನಿನಲ್ಲಿ ಎಡೆಬಿಡದೆ ವಾಸವಿದ್ದವರಿಗೆ ಅವಕಾಶ ಕೊಟ್ಟಿತು. ಸುಮಾರು 8 ಲಕ್ಷ ಜನರ ಪರವಾಗಿ ಅರ್ಜಿಗಳು ಸಲ್ಲಿಕೆಯಾದವು. ವರ್ಷಗಟ್ಟಲೆ ವಿಚಾರಣೆಯ ತರುವಾಯ ಪೌರತ್ವ ದೊರೆತದ್ದು ಸುಮಾರು 1.34 ಲಕ್ಷ ಮಂದಿಗೆ ಮಾತ್ರ. ಅಲ್ಲಿನ ವಿಚಾರಣೆಯಲ್ಲಿ ಅಭ್ಯರ್ಥಿ ತೋರಿಸಬೇಕಾಗಿದ್ದುದು ತನಗೂ ಭಾರತಕ್ಕೂ ನಂಟು ಕಡಿದಿದೆ ಎಂಬುದನ್ನು. ತಾಯಿಯ ಮರಣಕ್ಕೋ ಊರ ದೇವರ ಹಬ್ಬಕ್ಕೋ ಕಡಲು ದಾಟಿ ಹೋಗಿಬಂದಿದ್ದರೆ ಅದೂ ಸಂಶಯಕ್ಕೆ ಆಸ್ಪದವಾಗುತ್ತಿತ್ತು.

ಹೀಗೆ ಯಾವ ದೇಶಕ್ಕೂ ಸೇರದೆ ಉಳಿದವರು 9 ಲಕ್ಷ 75 ಸಾವಿರ ಮಂದಿ ಎಂದು ಲೆಕ್ಕ ಹಾಕಿ, 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. 5 ಲಕ್ಷ 25 ಸಾವಿರ ಮಂದಿ ಭಾರತಕ್ಕೆ, 3 ಲಕ್ಷ ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಪ್ರಶ್ನೆ ಮುಂದಕ್ಕೆ. ಈ ಬಾಕಿಯನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ತಲಾ 75 ಸಾವಿರದಂತೆ ಸರಿಪಾಲು ಮಾಡಿ ಮುಗಿಸಲಾಯಿತು. ಸಿಲೋನ್ ಪೌರತ್ವ ಪಡೆಯುವ ಪ್ರತಿ ನಾಲ್ವರಿಗೆ ಏಳು ಮಂದಿ ಭಾರತಕ್ಕೆ ಎಂಬ ಪ್ರಮಾಣ ಬೇರೆ. ಗೋದಾಮಿನ ಮೂಟೆಗಳ ಲೆಕ್ಕವಾದರೂ ಇದಕ್ಕಿಂತ ಮರ್ಯಾದೆಯಿಂದ ನಡೆಯುತ್ತದೆ. ಸಂಬಂಧಪಟ್ಟ ಜನರನ್ನು ಒಂದು ಮಾತೂ ಕೇಳದೆ ಅವರ ಹಣೆಬರಹ ಬರೆಯಲಾಗಿದೆ ಎಂದು ತೋಟ ಕಾರ್ಮಿಕರ ಮುಖಂಡ ಎಸ್. ತೊಂಡಮಾನ್ ಆಗಲೇ ಆಕ್ಷೇಪಿಸಿದ್ದರು.

ಅರ್ಜಿ ಸಲ್ಲಿಸಲು 1968ರ ಮೇ ತಿಂಗಳಿಂದ 1970ರ ಏಪ್ರಿಲ್ ಕೊನೆಯ ವರೆಗೆ ಕಾಲಾವಕಾಶವಿತ್ತು. ಭಾರತಕ್ಕೆ ಬರಬಯಸುವವರ ಮುಖ್ಯ ಬಾಗಿಲು ಕ್ಯಾಂಡಿ ಪಟ್ಟಣದಲ್ಲಿದ್ದ ಭಾರತದ ಸಹಾಯಕ ಹೈಕಮಿಷನ್ ಕಚೇರಿ. ಸಂವಿಧಾನದ 8ನೇ ವಿಧಿಯಲ್ಲಿಯೂ 1955ರ ಪೌರತ್ವ ಕಾಯ್ದೆಯ 5ನೇ ಪ್ರಕರಣದಲ್ಲಿಯೂ ಹೊರದೇಶದಲ್ಲಿರುವ ಭಾರತೀಯ ಮೂಲದವರ ನೋಂದಣಿಗೆ ಅವಕಾಶವಿದೆ. ಮೂಲವೆಂದರೆ ಆಗ ತಾನು, ತಂದೆತಾಯಿ ಅಥವಾ ಅಜ್ಜ ಅಜ್ಜಿ ಅವಿಭಜಿತ ಭಾರತದಲ್ಲಿ ಹುಟ್ಟಿರಬೇಕಾಗಿತ್ತು. ಆದ್ದರಿಂದ ಕ್ಯಾಂಡಿಯ ಕಚೇರಿಯಲ್ಲಿ ಎಲ್ಲಕ್ಕಿಂತ ತೂಕದ ಪ್ರಶ್ನೆ ಒಂದೇ: ‘ನಿನ್ನ ಹಿರಿಯರ ಊರು ಯಾವುದು?’ ಸಿಂಹಳದ ಅಧಿಕಾರಿಯ ಮುಂದೆ ಅಡಗಿಸಿಡಬೇಕಾಗಿದ್ದ ಊರಿನ ಹೆಸರನ್ನು ಇಲ್ಲಿ ಬಾಯಿತುಂಬ ಹೇಳಬೇಕಾಗಿತ್ತು. ಜಿಲ್ಲೆ, ತಾಲ್ಲೂಕು, ಗ್ರಾಮ, ಅಲ್ಲಿ ಉಳಿದಿರಬಹುದಾದ ದಾಯಾದಿಗಳು. ಸ್ವತಃ ಕಂಡೇ ಇರದ ಊರನ್ನು ಅಜ್ಜಿಯ ಬಾಯಿಂದ ಕೇಳಿದಷ್ಟು ನೆನಪಿನಿಂದ ಹೇಳಿದವರೇ ಹೆಚ್ಚು. ತೋಟದ ದಾಖಲೆ, ಜನನ ಪತ್ರಗಳೊಂದಿಗೆ ಆ ಹೇಳಿಕೆಯನ್ನು ತಾಳೆ ನೋಡಿ ಕುಟುಂಬದ ಯಜಮಾನನ ಹೆಸರಿನಲ್ಲಿ ನೋಂದಣಿಯಾಗುತ್ತಿತ್ತು. ಹೆಂಡತಿ ಮಕ್ಕಳು ಅದರೊಳಗೆ.

ಹೊರಡುವುದು ಸ್ವ-ಇಚ್ಛೆಯಿಂದ ಎಂದು ಕಾಗದದಲ್ಲಿ ಇರುತ್ತಿತ್ತು. ಅದು ಎಷ್ಟರಮಟ್ಟಿಗೆ ಸ್ವ-ಇಚ್ಛೆ ಎಂಬುದು ಬೇರೆ ಮಾತು. 1972 ಮತ್ತು 1975ರ ಭೂಸುಧಾರಣೆಯಿಂದ ತೋಟಗಳು ಸರಕಾರದ ವಶವಾದವು. 1973-74ರಲ್ಲಿ ಆಹಾರದ ಕೊರತೆಯಿಂದ ಲೈನ್ ಮನೆಗಳಲ್ಲಿ ಹಸಿವಿನ ಸಾವುಗಳು ಸಂಭವಿಸಿದವು. 1977ರಲ್ಲಿ, ಮತ್ತೆ 1983ರ ಜುಲೈಯಲ್ಲಿ ಗಲಭೆಗಳು ನಡೆದವು. ಇಷ್ಟರ ನಡುವೆ ಪಾಸ್‌ಪೋರ್ಟ್ ಪಡೆದವರು ಗಡುವಿನೊಳಗೆ ದೇಶ ಬಿಡಬೇಕಾಗಿತ್ತು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಡಪಂ ಶಿಬಿರ. ಕೈಯಲ್ಲಿ ಪಾಸ್‌ಪೋರ್ಟಿನ ಜತೆಗೆ ‘ಫ್ಯಾಮಿಲಿ ಕಾರ್ಡ್’ ಎಂಬ ಕಾಗದ. ಕುಟುಂಬದ ಸದಸ್ಯರ ಹೆಸರುಗಳೊಡನೆ ಎಲ್ಲಿ ಯಾವ ಬಗೆಯ ಪುನರ್ವಸತಿ ಎಂಬುದನ್ನು ಅದು ಸೂಚಿಸುತ್ತಿತ್ತು. ಹಡಗು ಸಂಚಾರ 1984ರಲ್ಲಿ ನಿಲ್ಲುವ ಹೊತ್ತಿಗೆ ಭಾರತದ ಪೌರತ್ವ ಸಿಕ್ಕಿಯೂ ಬರಲಾಗದೆ ಹತ್ತಾರು ಸಾವಿರ ಮಂದಿ ಅಲ್ಲೇ ಉಳಿದರು. ಬಂದವರು, ಅವರಿಗೆ ಹುಟ್ಟಿದ ಮಕ್ಕಳೂ ಸೇರಿ, ಸುಮಾರು 4.6 ಲಕ್ಷ.

ಬಂದವರಲ್ಲಿ ಹೆಚ್ಚಿನವರು ತಮಿಳುನಾಡಿನಲ್ಲಿ ಸಣ್ಣ ವ್ಯಾಪಾರದ ಸಾಲ ಪಡೆದು ಚದುರಿಹೋದರು. ಕೆಲವರನ್ನು ನೀಲಗಿರಿಯ ಸರಕಾರಿ ಚಹಾ ತೋಟಗಳಿಗೆ, ಕೆಲವರನ್ನು ಕೇರಳದ ಪುನಲೂರಿನ ರಬ್ಬರ್ ತೋಟಗಳಿಗೆ ಕಳುಹಿಸಲಾಯಿತು. ಕರ್ನಾಟಕದ ಪಾಲಿಗೆ ಬಂದವರಿಗೆ ದಕ್ಷಿಣ ಕನ್ನಡದ ಅರಣ್ಯ ಭೂಮಿಯಲ್ಲಿ ರಬ್ಬರ್ ಬೆಳೆಸುವ ಯೋಜನೆ ಸಿದ್ಧವಾಗಿತ್ತು. ಅರಣ್ಯ ಇಲಾಖೆ ಆರಂಭಿಸಿದ ಈ ತೋಟಗಳು ಮುಂದೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ವಶಕ್ಕೆ ಬಂದವು. ಹ್ಯಾಟನ್, ನುವರ ಎಲಿಯದ ಚಳಿಯಲ್ಲಿ ಚಿಗುರು ಕೀಳುತ್ತಿದ್ದ ಕೈಗಳು ಸುಳ್ಯದ ಸೆಕೆಯಲ್ಲಿ, ಬೆಳಕು ಹರಿಯುವ ಮುನ್ನ, ಮರದ ತೊಗಟೆಯನ್ನು ಓರೆಯಾಗಿ ಕೊರೆದು ಹಾಲಿಳಿಸುವ ಕೆಲಸ ಕಲಿತವು. ಕತ್ತಿ ಒಂದಿಷ್ಟು ಆಳಕ್ಕಿಳಿದರೆ ಮರಕ್ಕೆ ಗಾಯ, ಮೇಲೇ ನಿಂತರೆ ಹಾಲಿಲ್ಲ. ಈ ಜಿಲ್ಲೆಯ ಖಾಸಗಿ ಕೃಷಿಕರು ಇಂದು ರಬ್ಬರ್ ಟ್ಯಾಪಿಂಗ್‌ಗೆ ಆಳು ಸಿಗುವುದಿಲ್ಲವೆಂದು ಕೊರಗುವಾಗ ಆ ಕೌಶಲ ಎಷ್ಟು ದುರ್ಲಭವೆಂಬುದು ಗೊತ್ತಾಗುತ್ತದೆ.

ತುಳು, ಅರೆಭಾಷೆ, ಮಲಯಾಳ, ಹವ್ಯಕ, ಬ್ಯಾರಿ ನುಡಿಗಳೆಲ್ಲ ಒಂದೇ ಪೇಟೆಯಲ್ಲಿ ಕೇಳಿಬರುವ ಸೀಮೆಯಿದು. ತಮಿಳು ಇಲ್ಲಿಗೆ ಹೊರೆಯಾಗಲಿಲ್ಲ. ಮಕ್ಕಳು ಕನ್ನಡ ಶಾಲೆಗಳಲ್ಲಿ ಓದಿದರು. ಮೂರನೆಯ ತಲೆಮಾರು ಮನೆಯ ಹೊರಗೆ ತುಳುವಿನಲ್ಲಿಯೇ ವ್ಯವಹರಿಸುತ್ತದೆ. ಊರಿನ ಮಟ್ಟಿಗೆ ಬೆರೆಯುವಿಕೆ ಬಹಳ ಹಿಂದೆಯೇ ಆಗಿಹೋಗಿದೆ, ತಕರಾರು ಇರುವುದು ಕಡತದಲ್ಲಿ.

ತಕರಾರಿನ ಕೇಂದ್ರ ಜಾತಿ ಪ್ರಮಾಣಪತ್ರ. ಆದಿ ದ್ರಾವಿಡ ಎಂಬ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ, ತಮಿಳುನಾಡಿನದರಲ್ಲೂ ಇದೆ. ಆದರೆ 341ನೇ ವಿಧಿಯ ಪ್ರಕಾರ ಒಂದು ಜಾತಿ ಪರಿಶಿಷ್ಟವಾಗುವುದು ‘ಆ ರಾಜ್ಯಕ್ಕೆ ಸಂಬಂಧಿಸಿದಂತೆ’. ರಾಷ್ಟ್ರಪತಿಯವರ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು. ಅಂದು ಯಾವ ಕುಟುಂಬದ ಕಾಯಂ ವಾಸ ಎಲ್ಲಿತ್ತೋ ಆ ರಾಜ್ಯವೇ ಅದರ ರಾಜ್ಯ. ನಂತರ ಹುಟ್ಟಿದವರಿಗೆ ತಂದೆತಾಯಿಯ ಅಂದಿನ ವಾಸಸ್ಥಳವೇ ಆಧಾರ. ಕೇಂದ್ರ ಗೃಹ ಸಚಿವಾಲಯ 1977ರಲ್ಲಿ ಕೊಟ್ಟ ಸೂಚನೆಯ ಸಾರವಿದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವರು ಮೀಸಲಾತಿಯ ಸೌಲಭ್ಯವನ್ನು ಜತೆಗೆ ಒಯ್ಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು, 2018ರಲ್ಲಿ ಸಂವಿಧಾನ ಪೀಠ ಇದನ್ನು ಮತ್ತೆ ದೃಢಪಡಿಸಿತು.

ಈ ನಿಯಮವನ್ನು ಹಿಡಿದುಕೊಂಡು ಕಂದಾಯ ಅಧಿಕಾರಿಯೊಬ್ಬರು ಅರ್ಜಿದಾರನನ್ನು ಕೇಳುವುದೇನು? ‘ನಿನ್ನ ಹಿರಿಯರ ಊರು ಯಾವುದು?’ ಕ್ಯಾಂಡಿಯಲ್ಲಿ ಕೇಳಿದ ಅದೇ ಪ್ರಶ್ನೆ. ತಿರುಚಿರಾಪಳ್ಳಿ ಸೀಮೆಯ ಒಂದು ಹಳ್ಳಿ ಎಂಬ ಸತ್ಯವಾದ ಉತ್ತರ ಅಂದು ಅಜ್ಜನನ್ನು ಭಾರತೀಯನನ್ನಾಗಿ ಮಾಡಿತ್ತು. ಇಂದು ಅದೇ ಉತ್ತರ ಮೊಮ್ಮಗಳನ್ನು ಹೊರರಾಜ್ಯದವಳನ್ನಾಗಿ ಮಾಡುತ್ತದೆ. ಅಲ್ಲಿಗೆ ಹೋಗಿ ಕೇಳೋಣವೆಂದರೆ, ಕುಟುಂಬ ಆ ಹಳ್ಳಿಯನ್ನು ಬಿಟ್ಟು ನೂರು ವರ್ಷ ಮೀರಿದೆ, ಗುರುತಿಸುವವರಿಲ್ಲ.

ವಲಸೆಯ ನಿಯಮ ಇವರಿಗೆ ಅನ್ವಯವಾಗುತ್ತದೆಯೇ ಎಂಬುದನ್ನೇ ಮೊದಲು ಕೇಳಬೇಕಾಗಿದೆ. ಆ ನಿಯಮದ ಹಿಂದಿರುವ ಕಲ್ಪನೆ, ಸ್ವಂತ ಇಚ್ಛೆಯಿಂದ ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಕ್ಕಾಗಿ ರಾಜ್ಯ ಬದಲಿಸಿದವನದು. ತನ್ನ ರಾಜ್ಯದಲ್ಲಿ ಅವನ ಹಕ್ಕು ಹಾಗೆಯೇ ಇರುತ್ತದೆ ಎಂಬ ಭರವಸೆಯೂ ಅದರ ಜತೆಗಿದೆ. ರಬ್ಬರ್ ತೋಟದ ಕುಟುಂಬಗಳು 1950ರ ಆಗಸ್ಟ್ 10ರಂದು ತಮಿಳುನಾಡಿನಲ್ಲೂ ಇರಲಿಲ್ಲ, ಕರ್ನಾಟಕದಲ್ಲೂ ಇರಲಿಲ್ಲ. ಅವು ಸಿಲೋನಿನಲ್ಲಿದ್ದವು. ಮರಳಿ ಹೋಗಬಹುದಾದ ಒಂದು ರಾಜ್ಯವೇ ಅವುಗಳಿಗಿಲ್ಲ. ಅಷ್ಟೇ ಅಲ್ಲ, ಇವರು ಕರ್ನಾಟಕವನ್ನು ಆರಿಸಿಕೊಂಡು ಬಂದವರಲ್ಲ. ಎರಡು ಸಾರ್ವಭೌಮ ಸರಕಾರಗಳ ಒಪ್ಪಂದದಂತೆ, ಕೇಂದ್ರ ಮತ್ತು ರಾಜ್ಯಗಳ ಯೋಜನೆಯಂತೆ, ಕಾರ್ಡಿನಲ್ಲಿ ಸ್ಥಳ ಗುರುತಿಸಿ ಕಳುಹಿಸಲ್ಪಟ್ಟವರು. ವಲಸಿಗರು ಎಂಬ ಪದವನ್ನು ಇವರಿಗೆ ಹಚ್ಚುವುದು ಸರಕಾರ ತನ್ನ ಸಹಿಯನ್ನೇ ಮರೆತಂತೆ.

ಇನ್ನೊಂದು ಸಂಗತಿ ಈ ಚರ್ಚೆಯಲ್ಲಿ ಅಷ್ಟಾಗಿ ಬಂದಂತಿಲ್ಲ. 1950ರ ಆಗಸ್ಟಿನಲ್ಲಿ ಪುತ್ತೂರು ಯಾವ ರಾಜ್ಯದಲ್ಲಿತ್ತು? ಮೈಸೂರಿನಲ್ಲಲ್ಲ. ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ಭಾಗ. ಇಂದಿನ ಸುಳ್ಯ ಪ್ರದೇಶವೂ ಕಡಬವೂ ಆಗ ಅದರೊಳಗೇ ಇದ್ದವು. ತಿರುಚಿರಾಪಳ್ಳಿ, ಮಧುರೆ, ಸೇಲಂ ಕೂಡ ಅದೇ ಮದರಾಸು ರಾಜ್ಯದವು. ಅಂದರೆ ರಾಷ್ಟ್ರಪತಿಯವರ ಆದೇಶ ಹೊರಬಿದ್ದ ದಿನ ಅಜ್ಜನ ಹಳ್ಳಿಗೂ ಐವರ್ನಾಡಿಗೂ ಇದ್ದುದು ಒಂದೇ ಸರಕಾರ, ಒಂದೇ ಪರಿಶಿಷ್ಟ ಪಟ್ಟಿ. ‘ಹೊರರಾಜ್ಯ’ ಎಂಬ ಮಾತು ಆ ದಿನಾಂಕದ ಮಟ್ಟಿಗೆ ಅರ್ಥಹೀನ. ಇಷ್ಟರಿಂದಲೇ ನ್ಯಾಯಾಲಯದಲ್ಲಿ ವಾದ ಗೆದ್ದೀತು ಎನ್ನಲಾಗದು, ಯಾಕೆಂದರೆ ಅಂದು ಅವರ ವಾಸ ಕಡಲಾಚೆ ಇತ್ತು ಎಂಬ ಅಡ್ಡಿ ಉಳಿದೇ ಉಳಿಯುತ್ತದೆ. ಆದರೆ ದಿನಾಂಕವನ್ನೇ ಆಧಾರವಾಗಿಟ್ಟುಕೊಂಡು ಅರ್ಜಿ ತಿರಸ್ಕರಿಸುವವರು ಆ ದಿನಾಂಕದ ಭೂಪಟವನ್ನೂ ಬಿಡಿಸಿ ನೋಡಬೇಕಾಗುತ್ತದೆ.

ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ತೋಟದ ಕಾಲೊನಿಗಳ ಮತದಾರರು ಪ್ರತಿ ಚುನಾವಣೆಯಲ್ಲೂ ಸಾಲುನಿಂತು ಪರಿಶಿಷ್ಟ ಜಾತಿಯ ಪ್ರತಿನಿಧಿಯೊಬ್ಬರನ್ನು ಆರಿಸುತ್ತಾರೆ. ಪ್ರಮಾಣಪತ್ರವಿಲ್ಲದವರಿಗೆ ಅದೇ ಕ್ಷೇತ್ರದಲ್ಲಿ ಸ್ಪರ್ಧಿಸಲು ಸಾಧ್ಯವಿಲ್ಲ. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಸಮೀಕ್ಷೆ ಆರಂಭಿಸಿದಾಗ ಆದಿ ಕರ್ನಾಟಕ, ಆದಿ ಆಂಧ್ರ, ಆದಿ ದ್ರಾವಿಡ ಎಂದಷ್ಟೇ ಬರೆಸಿಕೊಂಡಿದ್ದವರು ತಮ್ಮ ಮೂಲ ಜಾತಿಯನ್ನು ಹೇಳಬೇಕೆಂಬ ಬೇಡಿಕೆ ಬಂತು. ಮೂಲ ಎಂಬ ಪದ ಈ ಜನರನ್ನು ಬಿಡುವಂತೆ ಕಾಣುವುದಿಲ್ಲ.

ಕಡತದ ತೊಡಕುಗಳಲ್ಲಿ ಹೆಸರಿನದೂ ಒಂದು. ತಮಿಳರಲ್ಲಿ ಮನೆತನದ ಹೆಸರಿಲ್ಲ, ತಂದೆಯ ಹೆಸರೇ ಇನಿಷಿಯಲ್. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ತೋಟದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದದ್ದನ್ನು ಕ್ಯಾಂಡಿಯಲ್ಲಿ ನಕಲು ಮಾಡಿ, ಮಂಡಪಂನಲ್ಲಿ ತಿದ್ದಿ, ಸುಳ್ಯದಲ್ಲಿ ಕನ್ನಡಕ್ಕೆ ಇಳಿಸುವಾಗ ಒಬ್ಬನೇ ಮನುಷ್ಯ ಮೂರು ಹೆಸರಿನವನಾಗುತ್ತಾನೆ. ಕಂದಸ್ವಾಮಿ ಒಂದೆಡೆ ಕಂದಸಾಮಿ, ಇನ್ನೊಂದೆಡೆ ಗಂಧಸ್ವಾಮಿ. ಪಾಸ್‌ಪೋರ್ಟಿನ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ತಾಳೆಯಾಗುವುದಿಲ್ಲವೆಂದು ಹಿಂದಿರುಗಿಸಿದ ಅರ್ಜಿಗಾಗಿ ಒಂದು ದಿನದ ಕೂಲಿ ಹೋಗುತ್ತದೆ.

ಪೌರತ್ವದ ಕಾನೂನೂ ಮೊದಲಿನಂತಿಲ್ಲ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಪೌರರು. ಆ ಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರ ಅನಂತರ ನಿಯಮ ಇನ್ನಷ್ಟು ಬಿಗಿಯಾಗಿದ್ದು, ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ಸುಳ್ಯದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಪೌರತ್ವ ಎಂದಾದರೂ ಪ್ರಶ್ನೆಗೊಳಗಾದರೆ ಕಟ್ಟಕಡೆಗೆ ನಿಲ್ಲುವುದು ಅಜ್ಜನ ಪೆಟ್ಟಿಗೆಯಲ್ಲಿರುವ ಕ್ಯಾಂಡಿಯ ಕಾಗದದ ಮೇಲೆ. ಐವತ್ತು ಮಳೆಗಾಲ ಕಂಡ ಆ ಕಾಗದದ ಸ್ಥಿತಿ ಹೇಗಿದ್ದೀತೆಂದು ಊಹಿಸಬಹುದು. ಚುನಾವಣಾ ಆಯೋಗ 2025ರಲ್ಲಿ ಮೊದಲು ಬಿಹಾರದಲ್ಲಿ, ನವೆಂಬರಿನಿಂದ ತಮಿಳುನಾಡು, ಕೇರಳ ಸಹಿತ ಇತರ ಕಡೆಗಳಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಆರಂಭಿಸಿದಾಗ ಸೂಚಿಸಿದ ದಾಖಲೆಗಳಲ್ಲಿ ಜಾತಿ ಪ್ರಮಾಣಪತ್ರ ಮತ್ತು ಸರಕಾರ ನೀಡಿದ ಜಮೀನು-ಮನೆ ಹಂಚಿಕೆಯ ಪತ್ರಗಳೂ ಇದ್ದವು. ಈ ಎರಡಕ್ಕಾಗಿಯೇ ತೋಟದ ಜನ ದಶಕಗಳಿಂದ ಮನವಿ ಸಲ್ಲಿಸುತ್ತ ಬಂದಿದ್ದಾರೆ.

ಮನೆಯ ವಿಷಯ ಜಾತಿಪತ್ರಕ್ಕಿಂತ ಜಟಿಲ. ತೋಟಗಳಿರುವುದು ಅರಣ್ಯ ಭೂಮಿಯಲ್ಲಿ, ವಸತಿಗೃಹಗಳು ನಿಗಮದವು. ದುಡಿಮೆ ಇರುವಷ್ಟು ಕಾಲ ಸೂರು. ನಿವೃತ್ತಿಯಾಯಿತೆಂದರೆ ಎಲ್ಲಿಗೆ? ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡಲು 1980ರ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ 75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸವನ್ನು ಕೇಳುತ್ತದೆ. 1970ರ ದಶಕದಲ್ಲಿ ಕರೆತಂದವರಿಗೆ ಅದು ದೂರದ ಮಾತು. ರಬ್ಬರ್ ಬೆಲೆ 2011ರಲ್ಲಿ ಕಿಲೋಗೆ 240 ರೂಪಾಯಿಗೇರಿ 2016ರ ಆರಂಭದಲ್ಲಿ 100ರ ಕೆಳಗೆ ಬಿದ್ದ ಅನುಭವವನ್ನು ನೋಡಿದರೆ ನಿಗಮದ ತೋಟಗಳ ಭವಿಷ್ಯವೂ ಗಟ್ಟಿಯೆನ್ನಲಾಗದು. ನೀಲಗಿರಿಯ ಸರಕಾರಿ ಚಹಾ ನಿಗಮ 2022ರಲ್ಲಿ ನಷ್ಟದ ಕಾರಣಕ್ಕೆ 2 ಸಾವಿರಕ್ಕೂ ಹೆಚ್ಚು ಹೆಕ್ಟೇರ್ ತೋಟವನ್ನು ಅರಣ್ಯ ಇಲಾಖೆಗೆ ಮರಳಿಸಲು ಹೊರಟಾಗ ಅಲ್ಲಿನ ಕುಟುಂಬಗಳಲ್ಲಿ ಎದ್ದ ಆತಂಕ ಇಲ್ಲಿಯವರಿಗೆ ಅಪರಿಚಿತವಲ್ಲ.

ತಮಿಳುನಾಡಿನ ಶಿಬಿರಗಳಲ್ಲಿ 1983ರ ನಂತರ ಬಂದು ಉಳಿದಿರುವ ಭಾರತೀಯ ಮೂಲದ ತಮಿಳರ ಪೌರತ್ವದ ಅರ್ಜಿಗಳನ್ನು ಪರಿಗಣಿಸುವಂತೆ ಮದರಾಸು ಹೈಕೋರ್ಟಿನ ಮಧುರೆ ಪೀಠ 2019ರ ಜೂನ್‌ನಲ್ಲಿ ಸೂಚಿಸಿತ್ತು. ಆ ಪ್ರಶ್ನೆ ಬೇರೆ. ಅವರು ಪೌರತ್ವವನ್ನು ಕೇಳುತ್ತಿರುವವರು. ಸುಳ್ಯದವರು ಅದನ್ನು ಪಡೆದು ಅರ್ಧ ಶತಮಾನ ಕಳೆದವರು. ಇಬ್ಬರನ್ನೂ ‘ನಿರಾಶ್ರಿತರು’ ಎಂದು ಕರೆದು ಒಂದೇ ಚೀಲಕ್ಕೆ ತುಂಬುವುದರಿಂದ ಅಧಿಕಾರಿಗಳಿಗೂ ಗೊಂದಲ, ರಾಜಕಾರಣಿಗಳಿಗೆ ಮಾತ್ರ ಅನುಕೂಲ.

ಪರಿಹಾರಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಯಾರನ್ನು ಕರೆತರಲಾಯಿತು ಎಂಬ ಪಟ್ಟಿ ಸರಕಾರದ ಬಳಿಯೇ ಇರಬೇಕಾದದ್ದು. ಕಾರ್ಡು ಕೊಟ್ಟವರು, ಶಿಬಿರ ನಡೆಸಿದವರು, ಕೆಲಸಕ್ಕೆ ಸೇರಿಸಿಕೊಂಡವರು ಎಲ್ಲರೂ ಸರಕಾರದವರೇ. ಅವುಗಳ ಆಧಾರದ ಮೇಲೆ ತಾಲ್ಲೂಕು ಮಟ್ಟದಲ್ಲಿ ಒಂದೇ ಬಾರಿ ಕುಟುಂಬವಾರು ಪರಿಶೀಲನೆ ನಡೆಸಿ, ಒಪ್ಪಂದದಡಿ ಕರ್ನಾಟಕಕ್ಕೆ ಕಳುಹಿಸಲ್ಪಟ್ಟವರನ್ನು ಕರ್ನಾಟಕದ ಕಾಯಂ ನಿವಾಸಿಗಳೆಂದು ಪರಿಗಣಿಸುವ ಸ್ಪಷ್ಟ ಆದೇಶವನ್ನು ರಾಜ್ಯ ಸರಕಾರ ಕೇಂದ್ರದ ಸಹಮತಿಯೊಂದಿಗೆ ಹೊರಡಿಸಬಹುದು. ಹಾಗೆ ಮಾಡದೆ ಪ್ರತಿಯೊಬ್ಬ ತಹಶೀಲ್ದಾರರ ವಿವೇಚನೆಗೆ ಬಿಟ್ಟರೆ, ಪುತ್ತೂರು ಮತ್ತು ಸುಳ್ಯದ ಗ್ರಾಮಗಳಿಂದ ಮುಖ್ಯವಾಗಿ ರೂಪುಗೊಂಡ ಕಡಬ ತಾಲ್ಲೂಕಿನಲ್ಲಿ ಒಂದು ನಿರ್ಧಾರ, ಅಣ್ಣತಮ್ಮಂದಿರು ಉಳಿದಿರುವ ಹಳೆಯ ತಾಲ್ಲೂಕಿನಲ್ಲಿ ಇನ್ನೊಂದು ನಿರ್ಧಾರ ಬರಲು ಅವಕಾಶವಾಗುತ್ತದೆ.

ಹಡಗಿನಲ್ಲಿ ಬಂದ ತಲೆಮಾರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಹಿರಿಯರ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲವರು ಇನ್ನು ಕೆಲವೇ ಮಂದಿ. ಅವರ ಮೊಮ್ಮಕ್ಕಳು ಪಿಯುಸಿ ಮುಗಿಸಿ ಸಿಇಟಿ ಅರ್ಜಿ ತುಂಬುವಾಗ ಜಾತಿಯ ಅಂಕಣದ ಪಕ್ಕದಲ್ಲಿ ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಕೇಳಲಾಗುತ್ತದೆ. ಸಂಖ್ಯೆ ಇಲ್ಲದವರ ಅರ್ಜಿ ಸಾಮಾನ್ಯ ವರ್ಗಕ್ಕೆ ಹೋಗುತ್ತದೆ.